ದೊಡ್ಡಮ್ಮನ ಊಟ, ನನ್ನ ಥ್ರೂಪುಟ್

ಥ್ರೂಪುಟ್ ಅಂದರೇನು ಅನ್ನುವುದು ನಮ್ಮ ಕಲ್ಲೂರಿನಲ್ಲಿ ನನ್ನಷ್ಟು ಚೆನ್ನಾಗಿ ಯಾರಿಗೂ ತಿಳಿದಿಲ್ಲ. ಬತ್ತೇರಿಯ ಕಾಫಿ ಮಿಲ್ಲಿನಲ್ಲಿ ನಾನು ಮೇಲ್ವಿಚಾರಕ. ಮಿಷನ್ನಿನ ಬಾಯಿಗೆ ಎಷ್ಟು ಸುರಿದಿರಿ ಅನ್ನುವುದು ಲೆಕ್ಕಕ್ಕಿಲ್ಲ. ಗಂಟೆಗೆ ಆಚೆ ಕಡೆಯಿಂದ ಎಷ್ಟು ಕಾಳು ಹೊರಬಂತು ಅನ್ನುವುದೇ ಥ್ರೂಪುಟ್. ಹೊಸಬರಿಗೆಲ್ಲ ಇದನ್ನು ಬೋಧಿಸುವವನು ನಾನೇ. ಹೆಂಡತಿ ಪದ್ಮಾಳಿಗೂ ಬೋಧಿಸಿದ್ದೇನೆ, ಅವಳು ಕೇಳದಿದ್ದರೂ.

ಇಂಥ ಪಂಡಿತನಿರುವ ಮನೆಯಲ್ಲಿ ದೊಡ್ಡಪ್ಪ ತೀರಿಕೊಂಡರು. ಸೂತಕ ಕಳೆದ ದಿನದ ಊಟ ಇಟ್ಟುಕೊಂಡಿದ್ದೆವು. ನಾವು ಜೈನರು. ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ಸೋಸದ ನೀರು ಮುಟ್ಟುವುದಿಲ್ಲ. ದೊಡ್ಡಮ್ಮ ಹಿಂದಿನ ದಿನದಿಂದ ಉಪವಾಸ. "ಬಂದವರೆಲ್ಲ ಉಂಡ ಮೇಲೆ ನಾನು" ಅಂದುಬಿಟ್ಟಿದ್ದರು. ಎಲ್ಲರೂ ಬೇಗ ಉಂಡೆದ್ದರೆ ಅವರಿಗೆ ಊಟ, ಇಲ್ಲದಿದ್ದರೆ ಇನ್ನೊಂದು ರಾತ್ರಿ ಖಾಲಿ ಹೊಟ್ಟೆ.

"ನಾನಿದ್ದೀನಲ್ಲ ದೊಡ್ಡಮ್ಮ" ಅಂದೆ.

ಗುಂಡ್ಲುಪೇಟೆಯ ನೆಂಟರ ಜೀಪುಗಳಿಗೆ ಮುತ್ತಂಗದ ಕಾಡಿನಲ್ಲಿ ಆನೆ ಅಡ್ಡ ನಿಂತಿತ್ತಂತೆ. ಅವರು ಬರುವಷ್ಟರಲ್ಲಿ ಬಿಸಿಲು ಹಳದಿಯಾಗಿತ್ತು. ಅನ್ನ, ಸಾರು, ಪಲ್ಯ ಎಲ್ಲ ತಯಾರು. ಕುಡಿಯುವ ನೀರು ಮಾತ್ರ ತಯಾರಿಲ್ಲ. ಬಾವಿಕಟ್ಟೆಯಲ್ಲಿ ಪದ್ಮಾ ಹಂಡೆಯ ಬಾಯಿಗೆ ಬಟ್ಟೆ ಕಟ್ಟಿ ಸಣ್ಣಗೆ ಸೋಸುತ್ತಿದ್ದಳು.

"ಹೀಗೆ ತೊಟ್ಟಿಕ್ಕಿಸಿದರೆ ಆಯ್ತು ಕಥೆ. ಸರಿ ಆಚೆ, ಥ್ರೂಪುಟ್ ಹೆಚ್ಚಿಸಬೇಕು."

"ರೀ, ಬಟ್ಟೆ ಎಷ್ಟು ಬಿಡುತ್ತೋ ಅಷ್ಟೇ ನೀರು. ಹಂಡೆ ಮುಕ್ಕಾಲು ತುಂಬಿದೆ. ನೀವು ಹೋಗಿ ಎಲೆ ಹಾಕಿ."

ಮಿಲ್ಲಿನಲ್ಲಿ ನಾನು ಹೇಳಿಕೊಡುವುದೂ ಅಕ್ಷರಶಃ ಅದನ್ನೇ. ಆದರೆ ಹೆಂಡತಿ ಹೇಳಿದರೆ ಅದು ಶಾಸ್ತ್ರ ಹೇಗಾದೀತು? ಎರಡು ಕೊಡ ಒಂದರ ಹಿಂದೊಂದು ಎತ್ತಿ ಸುರಿದೆ. ಬಟ್ಟೆ ಜೋತುಬಿತ್ತು. ಗಂಟು ಜಾರಿತು. ಬಟ್ಟೆ, ಅದರ ಮೇಲಿದ್ದ ಕಸ, ಬಾವಿಯ ನೀರು ಸಮಸ್ತವೂ ಹಂಡೆಯೊಳಗೆ ಪ್ರವೇಶ ಮಾಡಿದವು. ಸೋಸಿದ ನೀರು ಅನ್ನುವುದು ಮನೆಯಲ್ಲಿ ಒಂದು ಲೋಟವೂ ಉಳಿಯಲಿಲ್ಲ!

ಪದ್ಮಾ ಬೇರೆ ಬಟ್ಟೆ ತಂದು, ಹಂಡೆಯ ನೀರನ್ನು ಕೊಡಗಳಿಗೆ ತುಂಬಿಕೊಂಡು, ಮೊದಲಿನಿಂದ ಸೋಸಲು ಕೂತಳು. ಅಷ್ಟು ಹೊತ್ತೂ ನೆಂಟರು ಖಾಲಿ ಎಲೆ ನೋಡಿಕೊಂಡು ಕೂತಿದ್ದರು.

ಕೊನೆಯ ಪಂಕ್ತಿ ಏಳುತ್ತಲೇ ನಾನು ಓಡಿಹೋಗಿ ದೊಡ್ಡಮ್ಮನಿಗೆ ಎಲೆ ಹಾಕಿದೆ, ಅನ್ನ ಬಡಿಸಿದೆ. ಅವರು ಎಲೆ ನೋಡಲಿಲ್ಲ, ಬಾಗಿಲಾಚೆ ಬತ್ತೇರಿ ಕಡೆಯ ಪಡುವಣ ಆಕಾಶ ನೋಡಿದರು.

"ಇನ್ನೂ ಬೆಳಕಿದೆ ದೊಡ್ಡಮ್ಮ, ಒಂದು ತುತ್ತು."

"ಬೆಳಕಿದೆ, ಹೊತ್ತು ಮುಳುಗಿತಲ್ಲ. ಸಾರಮಿಲ್ಲ ಮಗ, ಪರವಾಗಿಲ್ಲ ಬಿಡು" ಅಂದರು, ಮಲಯಾಳ ಬೆರೆಸಿ.

ಎದ್ದು ಹೋಗಿ, ದೊಡ್ಡಪ್ಪನ ಖಾಲಿ ಮಂಚದ ಪಕ್ಕ ಗೋಡೆಗೆ ಒರಗಿ ಕೂತರು. ನನಗೆ ಅಳು ಬಂತು. ಊರಿಗೆಲ್ಲ ಬಡಿಸಿ, ಉಣ್ಣಲೇಬೇಕಾಗಿದ್ದ ಒಬ್ಬರನ್ನು ಉಪವಾಸ ಕೆಡವಿದ್ದೆ.

ಮಾರನೆಯ ಬೆಳಿಗ್ಗೆ ಪದ್ಮಾ ನೀರು ಸೋಸುವಾಗ, ಪ್ರಾಯಶ್ಚಿತ್ತವೆಂದು ನಾನೂ ಒಂದು ಕೊಡ ಎತ್ತಿಕೊಂಡೆ. ಜಗಲಿಯಿಂದ ದೊಡ್ಡಮ್ಮನ ಸಣ್ಣ ದನಿ ಕೇಳಿಸಿತು.

"ಪದ್ಮಾ, ಅವನನ್ನು ಮಿಲ್ಲಿಗೆ ಕಳಿಸಮ್ಮ. ಇವತ್ತಾದರೂ ನಾನು ಉಣ್ಣಬೇಕು."

ಕೊಡ ಕೆಳಗಿಟ್ಟೆ. ತಿಂಡಿ ಕೇಳುವ ಧೈರ್ಯವಾಗದೆ ಬಸ್ಸಿಗೆ ಹೊರಟೆ.