ನಾಲ್ಕು ತೂತಿನ ಕಾರು

ದೇವದುರ್ಗದ ನನ್ನ ಸೋದರಮಾವ ತನ್ನ ಮೂವರು ಮಕ್ಕಳಲ್ಲಿ ಒಬ್ಬರ ಜನನ ದಾಖಲೆಗೂ ಆಫೀಸಿನ ಮೆಟ್ಟಿಲು ಹತ್ತಿದವನಲ್ಲ. ಅದೆಲ್ಲ ಅತ್ತೆಯ ಪಾಲಿನ ಕೆಲಸ. ಆದರೆ ಒಂದು ಹಳೆಯ ಕಾರು ಹುಟ್ಟಿದ್ದು ನಿಜವೆಂದು ಸರ್ಕಾರವನ್ನು ಒಪ್ಪಿಸಲು ಎರಡು ವರ್ಷ ರಾಯಚೂರಿಗೆ ಅಲೆದ ನೋಡಿ!

ಮಾನ್ವಿಯ ಅಕ್ಕಿ ಗಿರಣಿಯ ಸಾಹುಕಾರರ ಕಾರು ಅದು. ಗುಜರಿಗೆ ಬಿದ್ದಿದ್ದನ್ನು ಮಾವ ತಂದು, ನಿವೃತ್ತಿಯ ದಿನಗಳನ್ನೆಲ್ಲ ಅದರ ಕೆಳಗೆ ಮಲಗಿಯೇ ಕಳೆದ. ಊಟಕ್ಕೆ ಕರೆದರೆ ಎರಡು ಪಾದ ಮಾತ್ರ ಅಲ್ಲಾಡುತ್ತಿದ್ದವು.

"ಹೊರಗ ಬರ್ರಿ, ನಿಮ್ಮ ಮಾರಿ ನೋಡಿ ವಾರಾತು," ಎಂದು ಅತ್ತೆ ರೇಗುತ್ತಿದ್ದಳು.

"ತಡಿ, ಇದರಾಗ ನಿನ್ನ ಕೂಡಿಸ್ಕೊಂಡು ಕವಿತಾಳಕ್ಕ ಒಯ್ತೀನಿ."

ಕವಿತಾಳ ಅತ್ತೆಯ ತವರು. ಮಂಡಿನೋವಿಗೆ ಬಸ್ಸು ಹತ್ತಲಾರದೆ ಆಕೆ ಅಲ್ಲಿಗೆ ಹೋಗಿ ವರ್ಷಗಳೇ ಆಗಿದ್ದವು. ಬಾಡಿಗೆ ಕಾರು ಮಾಡೋಣವೆಂದರೆ ಮಾವನಿಗೆ ಅವಮಾನ! ಮನೆಯಲ್ಲಿ ಅಡುಗೆ ಇಟ್ಟುಕೊಂಡು ಯಾರಾದರೂ ಖಾನಾವಳಿಗೆ ಹೋಗುತ್ತಾರೆಯೇ?

ಕಾರು ಓಡಿತು. ಆದರೆ ಕಾಗದಪತ್ರ ಬೇಕಲ್ಲ! ಎಂಜಿನ್ನಿನ ಹಿಂದೆ, ಕಾರ್ಖಾನೆಯಲ್ಲೇ ಬಡಿದ ಹಿತ್ತಾಳೆ ತಗಡೊಂದು ಇರಬೇಕಂತೆ. ಕಾರಿನ ಗುರುತೆಲ್ಲ ಅದರ ಮೇಲೆ. ನಮ್ಮದರಲ್ಲಿ ತಗಡೇ ಇರಲಿಲ್ಲ. ಕಾರಿನಡಿಯ ಕಬ್ಬಿಣದ ಚೌಕಟ್ಟಿನ ಮೇಲೆ ಕೊರೆದ ಅಂಕಿಗಳನ್ನು ತುಕ್ಕು ತಿಂದಿತ್ತು.

"ತಗಡು ಇಲ್ರಿ ಸಾಹೇಬ್ರ," ಅಂದ ಮಾವ, ಆರ್‌ಟಿಓ ಸಾಹೇಬರ ಮುಂದೆ. "ಆದ್ರ ಅದನ್ನ ಬಡಿದಿದ್ದ ನಾಕು ತೂತು ಅದಾವ್ರಿ."

"ತೂತಿಗೆ ನಂಬರ್ ಕೊಡಾಕ ಬರಂಗಿಲ್ಲ ಯಜಮಾನ್ರ. ತಗಡು ತರ್ರಿ, ನಾಳೆನ ನಿಮ್ಮ ಕೆಲಸ ಆಗ್ತದ."

ಪಾಪ, ಅವರದೇನು ತಪ್ಪು? ಮಾವ ಮಾನ್ವಿಯ ಗಿರಣಿ ಓಣಿಯಲ್ಲಿ ಕಂಡಕಂಡವರನ್ನು ಕೇಳಿದ. ಕೊನೆಗೆ ಮುದುಕ ಹಮಾಲರೊಬ್ಬರು, ಆ ಕಾರಿನ ಡ್ರೈವರ್ ತೀರಿಕೊಂಡಿದ್ದಾನೆ, ಹೆಂಡತಿ ಪೋತ್ನಾಳದಲ್ಲಿದ್ದಾಳೆ, ಕೇಳಿ ನೋಡಿ ಎಂದರು. ಮರುದಿನವೇ ಮಾವ ನನ್ನನ್ನೂ ಬಸ್ಸಿಗೆ ಹತ್ತಿಸಿದ. ದಾರಿಯುದ್ದಕ್ಕೂ ಅತ್ತೆ ಮುಂದೆ ಕೂರಬೇಕೋ ಹಿಂದೆ ಕೂರಬೇಕೋ ಎಂಬುದೇ ಚರ್ಚೆ.

ತಗಡು ಸಿಕ್ಕಿತು. ಆ ಮನೆಯ ದೇವರ ಜಗಲಿಯ ಮೇಲೆ ಇತ್ತು. ವಿಭೂತಿ ಬಳಿದು, ಮಲ್ಲಿಗೆ ಏರಿಸಿದ್ದರು. ಮಾವ ಕನ್ನಡಕ ಏರಿಸಿಕೊಂಡು ಕಾರಿನ ಕಂಪನಿಯ ಹೆಸರು ಓದಿದ, ನಾನೂ ಓದಿದೆ. ಮೂಲೆಗೊಂದರಂತೆ ನಾಲ್ಕು ತೂತು.

"ಅವರದು ಒಂದು ಫೋಟೋನೂ ಇಲ್ರಿ ನಮ್ಮ ಹತ್ರ," ಅಂದಳು ಮುದುಕಿ. "ಗಾಡಿ ಗುಜರಿಗೆ ಹೋಗೂ ಮುಂದ ಸಾವ್ಕಾರನ್ನ ಕೇಳಿ ಇದೊಂದು ಬಿಚ್ಚಿಕೊಂಡು ಬಂದಿದ್ರು. ಈಗ ನನಗ ಇದ ಅವರು. ನಿಮ್ಮದಾಗಿದ್ರ ಒಯ್ರಿ, ನಾ ಬ್ಯಾಡ ಅನ್ನಂಗಿಲ್ಲ."

ಮಾವ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಬಹಳ ಹೊತ್ತು ಒರೆಸಿದ.

"ಇದು ನಮ್ಮ ಗಾಡೀದಲ್ಲ ಯವ್ವಾ," ಅಂದ. "ನಮ್ಮದು ಬ್ಯಾರೆ."

ಬಸ್‌ಸ್ಟ್ಯಾಂಡಿಗೆ ಬಂದು ಬಸ್ಸಿಗೆ ಕಾಯುತ್ತ ನಿಂತೆವು. ನಾನು ಕೇಳಿದೆ: "ಅತ್ತೀಗೆ ಏನ್ ಹೇಳ್ತಿ ಮಾವ?"

"ಖರೇನ ಹೇಳ್ತೀನಿ," ಅಂದ. "ಆಕಿ ಬಂದಿದ್ರ, ನನಗಿಂತ ಮೊದಲ ಇದು ನಮ್ಮದಲ್ಲ ಅಂತಿದ್ಲು."