ನಮ್ಮವರ ಕೋವಿಗೆ ಗುಂಡು ತರಲು ಹೋದದ್ದು

ನಮ್ಮವರು ಹೋಗುವಾಗ ಮನೆ ಬಿಟ್ಟು ಹೋದರು, ಕಾರು ಬಿಟ್ಟು ಹೋದರು, ಒಂದು ಕೋವಿ ಬಿಟ್ಟು ಹೋದರು. ಕೋವಿಯ ಗುಂಡು ಎಲ್ಲಿದೆ ಎಂದು ಮಾತ್ರ ಹೇಳದೆ ಹೋದರು. ಸಾಯುವವರಿಗೆ ಅಷ್ಟಾದರೂ ಜವಾಬ್ದಾರಿ ಬೇಡವೇ?

ಅವರ ಹೆಸರು ದೂಮಪ್ಪ. ವಾಷಿಂಗ್ಟನ್ನಿಗೆ ಒಬ್ಬ ದೊಡ್ಡ ಆಫೀಸರರ ಮನೆಗೆ ಅಡುಗೆಯವರಾಗಿ ಬಂದವರು. ಆಫೀಸರರು ದೆಹಲಿಗೆ ತಿರುಗಿ ಹೋದರು, ಇವರು ಹೋಗಲಿಲ್ಲ. ವರ್ಜೀನಿಯಾದ ಸ್ಟರ್ಲಿಂಗಿನಲ್ಲಿ ವಿಮಾನಗಳಿಗೆ ಊಟ ಕಟ್ಟಿ ಕಳಿಸುವ ಅಡುಗೆಮನೆಯಲ್ಲಿ ಕೆಲಸ ಹಿಡಿದರು. ಆಕಾಶದಲ್ಲಿ ಹೋಗುವವರಿಗೆ ಅನ್ನ ಹಾಕುವವರು ಎಂದು ನಾನು ಊರಿನಲ್ಲಿ ಹೇಳಿಕೊಂಡು ತಿರುಗಿದ್ದೇನೆ. ಅಲ್ಲಿ ಜೊತೆಗಿದ್ದ ಒಬ್ಬ ಬಿಳಿಯ ಮುದುಕ ಕೆಲಸ ಬಿಟ್ಟು ಫ್ಲಾರಿಡಾಕ್ಕೆ ಹೋಗುವಾಗ ತನ್ನ ಜಿಂಕೆ ಹೊಡೆಯುವ ಕೋವಿಯನ್ನು ಇವರಿಗೆ ಕೊಟ್ಟ. ಇವರು ಹೊತ್ತು ತಂದರು. (ಜಿಂಕೆ ಬಿಡಿ, ನಮ್ಮವರು ಏಡಿಯನ್ನು ಬಿಸಿನೀರಿಗೆ ಹಾಕುವಾಗಲೂ ಕಿಟಕಿಯ ಕಡೆ ನೋಡುತ್ತಿದ್ದರು. ಆದರೆ ಬಿಟ್ಟಿ ಸಿಕ್ಕಿದ್ದನ್ನು ಬೇಡ ಎಂದವರಲ್ಲ.)

"ಇದೆಂತಕ್ಕೆ?" ಎಂದೆ.

"ನನಗೆ ರಾತ್ರಿ ಪಾಳಿ ಬಿದ್ದರೆ ನಿನಗೆ ಹೆದರಿಕೆ ಅಲ್ಲವಾ? ಅದಕ್ಕೆ."

"ಗುಂಡು ಉಂಟಾ?"

"ಇರುವಲ್ಲಿ ಉಂಟು."

ಅಂದಿನಿಂದ ನನಗೆ ಒಳ್ಳೆಯ ನಿದ್ದೆ. ಕೋವಿ ಮೇಲಿನ ಕಪಾಟಿನಲ್ಲಿ, ನಾನು ಹಾಸಿಗೆಯಲ್ಲಿ. ಆಯುಧಪೂಜೆಯ ದಿನ ಕಾರಿಗೆ, ಮಿಕ್ಸಿಗೆ, ಇವರ ಚೂರಿಗಳಿಗೆಲ್ಲ ಕುಂಕುಮ ಇಡುತ್ತಿದ್ದೆ. ಕೋವಿಗೆ ಸ್ವಲ್ಪ ಹೆಚ್ಚಿನ ಮರ್ಯಾದೆ. ಮನೆ ಕಾಯುವವನಿಗೆ ಮೊದಲು ಬಡಿಸಬೇಕು ಎಂದು ಪಂಚಕಜ್ಜಾಯದಲ್ಲಿ ಅದಕ್ಕೂ ಒಂದು ಪಾಲು. ಹಬ್ಬ ಕಳೆದ ವಾರಕ್ಕೆ ಇರುವೆಗಳು ಸಾಲು ಹಿಡಿದು ಕಪಾಟು ಹತ್ತುತ್ತಿದ್ದವು. ನಮ್ಮವರು ಒಂದು ಮಾತೂ ಆಡದೆ ಒರೆಸುತ್ತಿದ್ದರು. ಈ ವರ್ಷ ಅವರೇ ಇಲ್ಲ. ಹಬ್ಬವೂ ಇಲ್ಲ. ಕೋವಿಗೆ ಉಪವಾಸ.

ಅಷ್ಟರಲ್ಲಿ ನಮ್ಮ ಸಾಲಿನ ಕೊನೆಯ ಮನೆಗೆ ಹಗಲಿನಲ್ಲೇ ಕಳ್ಳ ನುಗ್ಗಿ ವಿಸಿಆರ್ ಹೊತ್ತುಕೊಂಡು ಹೋದ. ಈ ಸುದ್ದಿ ಮಗಳು ಸುರಕ್ಷಾಳಿಗೆ ಮುಟ್ಟಿತು. ಅವಳಿರುವುದು ನಾರ್ತ್ ಕೆರೊಲೈನಾದ ಮಾರಿಸ್‌ವಿಲ್‌ನಲ್ಲಿ. ಕೂಡಲೇ ಫೋನು.

"ಅಮ್ಮಾ, ಅಲ್ಲಿ ಸೇಫ್ ಇಲ್ಲ. ಥ್ಯಾಂಕ್ಸ್‌ಗಿವಿಂಗ್ ರಜೆಗೆ ಬರ್ತೀನಿ, ನಿನ್ನ ಪ್ಯಾಕ್ ಮಾಡ್ಕೊಂಡು ಹೋಗ್ತೀನಿ."

"ನಾನೆಂತ ಸಾಮಾನಾ?"

"ಯು ಆರ್ ಅಲೋನ್, ಅಮ್ಮಾ. ಕಳ್ಳ ಬಂದ್ರೆ ವಾಟ್ ವಿಲ್ ಯು ಡೂ?"

"ಕೋವಿ ಉಂಟು."

"ಬುಲೆಟ್ ಇದೆಯಾ?"

ಇವಳಿಗೆ ಅಪ್ಪನ ಬಾಯಿ ಬಂದಿಲ್ಲ, ನನ್ನದು ಬಂದಿದೆ.

"ಥ್ಯಾಂಕ್ಸ್‌ಗಿವಿಂಗಿನ ಒಳಗೆ ತಂದಿಡ್ತೇನೆ," ಎಂದೆ. "ಆಮೇಲೆ ನೀನು ಈ ಸುದ್ದಿ ಎತ್ತಬಾರದು."

ಮಗಳ ಮನೆ ಚಂದವೇ. ಆದರೆ ಅಲ್ಲಿಯ ಗೋಡೆಗಳು ಬಿಳಿ. ಇಲ್ಲಿ ಸೋಫಾದ ಹಿಂದಿನ ಗೋಡೆಯಲ್ಲಿ ನಮ್ಮವರ ತಲೆಯ ಎಣ್ಣೆಯ ಗುರುತು ಇದೆ. ಇದ್ದಾಗ ಅದಕ್ಕಾಗಿ ಎಷ್ಟು ಬೈದೆ, ಸೋಪು ಹಾಕಿ ಎಷ್ಟು ತಿಕ್ಕಿದೆ. ಪುಣ್ಯಕ್ಕೆ ಹೋಗಲಿಲ್ಲ. ಈಗ ಅದರ ಮೇಲೆಯೇ ಅವರ ಫೋಟೋ ತೂಗುಹಾಕಿದ್ದೇನೆ. ಮುಸ್ಸಂಜೆ ದೀಪ ಹಚ್ಚಿ ಎದುರು ಕುಳಿತು ದಿನದ ಸುದ್ದಿ ಹೇಳುತ್ತೇನೆ, ಅರ್ಧ ಕನ್ನಡದಲ್ಲಿ, ಅರ್ಧ ತುಳುವಿನಲ್ಲಿ. ಕೊನೆಗೆ "ಒಣಸ್ ಆಂಡಾ?" ಎನ್ನುತ್ತೇನೆ. ಊಟ ಆಯಿತಾ ಎಂದು. ಅಡುಗೆಯವರನ್ನು ಯಾರೂ ಹಾಗೆ ಕೇಳುವುದಿಲ್ಲ. ನಾನು ಕೇಳುತ್ತಿದ್ದೆ. ಈಗಲೂ ಕೇಳುತ್ತೇನೆ. ಕೇಳಿದ ಮೇಲೆಯೇ ನನಗೆ ಹಸಿವಾಗುವುದು. ಈ ಗೋಡೆಯನ್ನು ಪ್ಯಾಕ್ ಮಾಡಿ ಒಯ್ಯಲು ಬರುತ್ತದೆಯೇ?

ಗುಂಡಿಗಾಗಿ ಇಡೀ ಮನೆ ಹುಡುಕಿದೆ. ಅಕ್ಕಿ ಡಬ್ಬಿ, ಸೂಟ್‌ಕೇಸು, ದೇವರ ಪೆಟ್ಟಿಗೆ, ಹಳೆ ಬೂಟು. ಗುಂಡು ಸಿಗಲಿಲ್ಲ. ಡಾಕ್ಟರು ಮುಟ್ಟಬಾರದು ಎಂದಿದ್ದ, ನಮ್ಮವರು ಬಚ್ಚಿಟ್ಟ ಚಕ್ಕುಲಿ ಸಿಕ್ಕಿತು. ಅಂದು ಫೋಟೋದ ಎದುರು ಪೂರ್ತಿ ತುಳುವೇ.

ಇನ್ನು ಕೊಂಡು ತರುವುದೊಂದೇ ದಾರಿ. ನನಗೆ ಕಾರು ಬಿಡಲು ಬರುವುದಿಲ್ಲ. ಪಕ್ಕದ ಮನೆಯ ಮುರಳೀಧರನನ್ನು ಕರೆದೆ. ಮೈಸೂರಿನ ಹುಡುಗ, ಕಂಪ್ಯೂಟರ್ ಕೆಲಸ. ಮನೆಯೊಳಗೆ ಜೇಡ ಬಂದರೆ ಕಾಗದದ ಮೇಲೆ ಹತ್ತಿಸಿಕೊಂಡು ಹೊರಗೆ ಬಿಟ್ಟು ಬರುವವನು. ಅವನ ಹೆಂಡತಿ ರಾಜಲಕ್ಷ್ಮಿ ಶುಕ್ರವಾರ ಶುಕ್ರವಾರ ನನಗೆ ಸಾರು ಕಳಿಸುತ್ತಾಳೆ. (ಒಳ್ಳೆಯ ಹುಡುಗಿ. ಸಾರಿನಲ್ಲಿ ಮಾತ್ರ ಕೈ ತೊಳೆಯಬಹುದು, ಅಷ್ಟು ನೀರು.)

ಕೋವಿಯನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಅವನ ಕಾರಿನ ಹಿಂದೆ ಮಲಗಿಸಿ, ಲೀಸ್‌ಬರ್ಗ್ ದಾರಿಯ ಕೋವಿ ಅಂಗಡಿಗೆ ಹೋದೆವು. ಅಂಗಡಿಯವನು ಗಡ್ಡದ ಮುದುಕ, ತಲೆಗೆ ಟೊಪ್ಪಿ, ಪ್ಯಾಂಟಿಗೆ ಹೆಗಲ ಮೇಲಿಂದ ಎರಡು ಪಟ್ಟಿ. ಇಂಗ್ಲಿಷ್ ನನಗೆ ಅರ್ಧ ತಿಳಿಯುತ್ತದೆ, ಉಳಿದ ಅರ್ಧಕ್ಕೆ ಮುರಳಿ. ಮುದುಕ ಎರಡು ಪೆಟ್ಟಿಗೆ ತೆಗೆದು ಮುಂದಿನ ಗಾಜಿನ ಮೇಜಿನ ಮೇಲೆ ಇಟ್ಟ. ಎರಡರ ಮೇಲೂ ಜಿಂಕೆಯ ಚಿತ್ರ.

"ಆಂಟಿ, ಇದು ಭಾರದ ಗುಂಡಂತೆ, ಇದು ಸ್ವಲ್ಪ ಹಗುರ," ಎಂದ ಮುರಳಿ. "ಭಾರದ್ದು ಜಾಸ್ತಿ ಒಳಗೆ ಹೋಗತ್ತಂತೆ."

"ಎಷ್ಟು ಒಳಗೆ?"

"ಜಿಂಕೆ ದಾಟಿ ಆ ಕಡೆ ಹೋಗತ್ತಂತೆ."

"ಕಳ್ಳನಿಗೆ ಅಷ್ಟು ಸಾಕು. ಕಳ್ಳನ ಆಚೆ?"

"ಗೋಡೆ."

"ಗೋಡೆ ದಾಟಿ?"

ಮುರಳಿ ಅದನ್ನು ಕೇಳಲಿಲ್ಲ. ಮುದುಕನೇ ಕೇಳಿದ, ಒಂಟಿ ಮನೆಯೋ, ಸಾಲು ಮನೆಯೋ ಎಂದು. ಸಾಲು ಮನೆ. ನಡುವಿನ ಗೋಡೆಯ ಆಚೆ ಯಾರಿದ್ದಾರೆ? ಮುರಳೀಧರ ಶಾಲೆಯ ಮಕ್ಕಳ ಹಾಗೆ ಮೆಲ್ಲನೆ ಕೈ ಎತ್ತಿದ.

ಮುದುಕ ನಗಲಿಲ್ಲ. ಈ ಎರಡರಲ್ಲಿ ಯಾವುದೇ ಹಾಕಿದರೂ ಆ ಹಲಗೆಯ ಗೋಡೆ ಹಪ್ಪಳ ಎಂದ. (ಹಪ್ಪಳ ಎಂದದ್ದು ಮುರಳಿ. ಮುದುಕ ಏನೆಂದನೋ.)

"ಮೆತ್ತಗಿನ ಗುಂಡು ಇಲ್ಲವಾ ಕೇಳು," ಎಂದೆ.

"ಇದೇ ಮೆತ್ತಗಿಂದಂತೆ ಆಂಟಿ. ಮೂತಿಗೆ ಬರೀ ಸೀಸ. ತಾಗಿದ ತಕ್ಷಣ ಅರಳತ್ತಂತೆ."

"ಅರಳಲಿ. ಈಗ ಕಳ್ಳ ನನ್ನ ಟಿವಿ ಹತ್ತಿರ ನಿಂತ ಅಂತ ಇಟ್ಕೋ."

"ಅದರ ಹಿಂದೆ ನಮ್ಮ ಡೈನಿಂಗ್ ಟೇಬಲ್."

"ಮೆಟ್ಟಿಲ ಹತ್ತಿರ ನಿಂತರೆ?"

"ಅಲ್ಲಿ ರಾಜಿ ಒಗ್ಗರಣೆ ಹಾಕ್ತಾಳೆ ಆಂಟಿ."

"ಬಾಗಿಲ ಹತ್ತಿರ?"

"ಆಗ ರೋಡಿಗೆ ಹೋಗತ್ತೆ. ಆದ್ರೆ ವಿಸಿಆರ್ ಕದಿಯೋಕೆ ಬಂದೋನು ಬಾಗ್ಲಲ್ಲೇ ಯಾಕೆ ನಿಂತಿರ್ತಾನೆ?"

"ಅಲ್ಲೇ ನಿಲ್ಲಪ್ಪಾ ಅಂತ ಹೇಳ್ತೇನೆ."

ಮುರಳಿಯ ಹಣೆಯಲ್ಲಿ ಬೆವರು. ಇಷ್ಟಾದರೂ ಬೇಡ ಆಂಟಿ ಎನ್ನಲಿಲ್ಲ, ಪಾಪ. ಹಗುರದ್ದೇ ಇರಲಿ, ಅವರ ಟೇಬಲನ್ನು ಒಂದು ಮೊಳ ಸರಿಸೋಣ ಎಂದು ನಾವಿಬ್ಬರೂ ಒಪ್ಪಂದಕ್ಕೆ ಬಂದೆವು. ನಾನು ಪರ್ಸು ತೆಗೆದೆ.

ಮುದುಕ, ಮೊದಲು ಕೋವಿ ತೋರಿಸಿ ಎಂದ. ಬೆಡ್‌ಶೀಟು ಬಿಚ್ಚಿ, ಅಡಿಯ ಹಿಡಿಯನ್ನು ಎಳೆದು, ಹಿಂದಿನಿಂದ ಸಣ್ಣ ದೀಪ ಹಿಡಿದು ನಳಿಗೆಯ ಬಾಯಿಗೆ ಕಣ್ಣಿಟ್ಟ. ದೀಪ ಅಲುಗಿಸಿದ. ಮತ್ತೆ ನೋಡಿದ. ಬೆಳಕು ಈಚೆ ಬರಲಿಲ್ಲ. ಉದ್ದದ ಕಡ್ಡಿ ತಂದು ಬಾಯಿಯೊಳಗೆ ಚುಚ್ಚಿದ. ಕಡ್ಡಿ ಟಕ್ ಎಂದು ನಿಂತಿತು. ಕೆರೆದ. ಗಾಜಿನ ಮೇಲೆ ಕಂದು ಬಣ್ಣದ ಪುಡಿ ಉದುರಿತು. ನಡುವೆ ಬಿಳಿ ಬಿಳಿ ಎಳ್ಳು.

ಎಳ್ಳು, ಬೆಲ್ಲ, ಕೊಬ್ಬರಿ, ಅರಳು, ಕಡಲೆ. ನನ್ನ ಕೈಯ ಪಂಚಕಜ್ಜಾಯ. ವರ್ಷ ವರ್ಷ ಅದರ ಬಾಯಿಗೆ ತುಂಬಿ ಹೆಬ್ಬೆರಳಿನಿಂದ ಒತ್ತಿದ್ದು. ಒಂದರ ಮೇಲೊಂದು ಕೂತು ಕಲ್ಲಾಗಿದೆ. ಇದಕ್ಕೆ ಗುಂಡು ಹಾಕಿ ಹೊಡೆದಿದ್ದರೆ ನಳಿಗೆಯೇ ಸೀಳಿ ನಿಮ್ಮ ಮುಖಕ್ಕೆ ಬರುತ್ತಿತ್ತು ಎಂದ ಮುದುಕ. ಅದು ನನಗೆ ಮುರಳಿ ಹೇಳದೆಯೂ ತಿಳಿಯಿತು. ಕಳ್ಳನಿಗೆ ಏನೂ ಆಗುತ್ತಿರಲಿಲ್ಲ. ಬೇಕಾದರೆ ಪ್ರಸಾದ ಸಿಗುತ್ತಿತ್ತು.

ಮುದುಕ ಎಳ್ಳಿನ ಒಂದು ಕಾಳನ್ನು ಬೆರಳಿನಲ್ಲಿ ಎತ್ತಿ ನೋಡಿದ. ನನ್ನನ್ನು ನೋಡಿದ.

"ನೀವು ಡೂಮ್‌ನ ಹೆಂಡತಿಯಾ?"

ಕೆಲಸದಲ್ಲಿ ನಮ್ಮವರನ್ನು ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ಹೌದು ಎಂದೆ. ಮುದುಕ ಮುರಳಿಗೆ ಏನೋ ಉದ್ದಕ್ಕೆ ಹೇಳಿದ. ಮುರಳಿ ಕೇಳಿಕೊಂಡು ನನ್ನ ಕಡೆ ತಿರುಗಿದ.

"ಅಂಕಲ್ ಒಂದು ಸಲ ಇಲ್ಲಿಗೆ ಬಂದಿದ್ರಂತೆ ಆಂಟಿ. ಇದರ ಹೊರಗಿನ ಕುಂಕುಮ ಎಲ್ಲ ಒರೆಸಿ ಎಣ್ಣೆ ಹಾಕಿಸೋಕೆ. ಬಾಯಿ ಕಟ್ಟಿದೆ, ಕ್ಲೀನ್ ಮಾಡ್ಲಾ ಅಂತ ಇವರು ಕೇಳಿದ್ರಂತೆ. ಅಂಕಲ್ ಬೇಡ ಅಂದ್ರಂತೆ. ನನ್ನ ಹೆಂಡತಿ ಅದಕ್ಕೆ ಊಟ ಹಾಕ್ತಾಳೆ, ಹೊಟ್ಟೆ ತುಂಬಿದ ಕೋವಿ ಯಾರ ತಂಟೆಗೂ ಹೋಗಲ್ಲ, ಅವಳು ನಿದ್ದೆ ಮಾಡಿದ್ರೆ ಸಾಕು ಅಂತ."

"ಗುಂಡು?"

"ಗುಂಡು ತಗೊಂಡೇ ಇಲ್ವಂತೆ. ಯಾವತ್ತೂ."

ಇರುವಲ್ಲಿ ಉಂಟು ಎಂದಿದ್ದರು. ಸುಳ್ಳು ಹೇಳಲಿಲ್ಲ. ಇಲ್ಲಿಯೇ ಉಂಟು, ಈ ಅಂಗಡಿಯ ಕಪಾಟಿನಲ್ಲಿ.

ಡೂಮ್ ಹೇಗಿದ್ದಾನೆ ಎಂದು ಮುದುಕ ಕೇಳಿದ. ಮುರಳಿ ಹೇಳಿದ. ಮುದುಕ ಟೊಪ್ಪಿ ತೆಗೆದು ಗಾಜಿನ ಮೇಲೆ ಇಟ್ಟ, ಎಳ್ಳಿನ ಪಕ್ಕ. ಆಮೇಲೆ, ನಳಿಗೆಯನ್ನು ಕೊರೆದು ಚೊಕ್ಕ ಮಾಡಿಕೊಡಲೇ ಎಂದ.

"ಬೇಡ ಅಂತ ಹೇಳು," ಎಂದೆ. ಉದುರಿದ ಎಳ್ಳನ್ನು ಕೈಯಲ್ಲಿ ಗೋರಿ ಸೆರಗಿಗೆ ಕಟ್ಟಿಕೊಂಡೆ. ಪ್ರಸಾದ ನೆಲಕ್ಕೆ ಬೀಳಬಾರದು.

ಕಾರಿನಲ್ಲಿ ನನಗೆ ಅಳು ಬಂತು, ಸಿಟ್ಟೂ ಬಂತು. ಇಷ್ಟು ವರ್ಷ ಬೆಲ್ಲದ ಕೋವಿಯ ಕೆಳಗೆ ಮಲಗಿದೆನಲ್ಲ. ಮಗಳಿಗೆ ಏನು ಹೇಳುವುದು? ಥ್ಯಾಂಕ್ಸ್‌ಗಿವಿಂಗಿಗೆ ಬಂದು ಪ್ಯಾಕ್ ಮಾಡುತ್ತಾಳೆ.

ಮುರಳಿ ಕೆಂಪು ದೀಪಕ್ಕೆ ಕಾರು ನಿಲ್ಲಿಸಿದ. "ಆಂಟಿ, ಒಂದು ಮಾತು. ಗುಂಡು ದಾಟೋ ಗೋಡೆನ ಕೂಗು ದಾಟಲ್ವಾ? ಏನಾದ್ರೂ ಆದ್ರೆ ಅಲ್ಲಿಂದಲೇ ಕೂಗಿ, ನಾವು ಓಡಿ ಬರ್ತೀವಿ."

"ಕೂಗಿದರೆ ಕೇಳ್ತದಾ ನಿಮಗೆ?"

"ಕೂಗೋದೇ ಬೇಡ ಆಂಟಿ. ಸುಮ್ನೆ ಮಾತಾಡಿದ್ರೂ ಕೇಳತ್ತೆ."

ನಾನು ಅವನ ಕಡೆ ತಿರುಗಿದೆ. ಅವನು ರಸ್ತೆಯ ಕಡೆ ನೋಡುತ್ತಿದ್ದ.

"ಎಂತ ಕೇಳಿದೆ ನೀನು?"

"ನಾವೇನೂ ಕಿವಿ ಇಟ್ಟು ಕೇಳಿದ್ದಲ್ಲ ಆಂಟಿ. ಸಂಜೆ ನೀವು ಅಂಕಲ್ ಜೊತೆ ಮಾತಾಡೋ ಹೊತ್ತಿಗೆ ನಮ್ಮದು ಊಟ. ಟಿವಿ ಹಾಕಿದ್ರೆ ನಿಮಗೆ ಡಿಸ್ಟರ್ಬ್ ಆಗತ್ತೆ ಅಂತ ರಾಜಿ ಆಫ್ ಮಾಡ್ತಾಳೆ."

"ಚಕ್ಕುಲಿ?"

"ಕೇಳ್ತು."

"ಸಾರು?"

ಹಸಿರು ದೀಪ ಬಂತು. ಮುರಳಿ ಕಾರು ಬಿಟ್ಟ.

"ಕೈ ತೊಳೀಬಹುದು ಅಂದ್ರಲ್ಲ, ಅದೂ ಕೇಳ್ತು. ರಾಜಿ ನಕ್ಕಳು ಆಂಟಿ. ಮೊದಲ ದಿನ ಅತ್ತಳು, ಆಮೇಲೆ ನಕ್ಕಳು."

ತುಳುವಿನಲ್ಲಿ ಹೇಳಿದ್ದಾದರೂ ತಿಳಿದಿರಲಿಕ್ಕಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮನೆಗೆ ಬಂದು ಕೋವಿಯನ್ನು ಕಪಾಟಿಗೆ ಹತ್ತಿಸಿದೆ. ಸೆರಗಿನ ಎಳ್ಳನ್ನು ತಿರುಗಿ ಅದರ ಬಾಯಿಗೇ ಹಾಕಿದೆ. ದೀಪ ಹಚ್ಚುವ ಹೊತ್ತಿಗೆ ಸುರಕ್ಷಾ ಫೋನ್ ಮಾಡಿದಳು.

"ಬುಲೆಟ್ ತಂದ್ಯಾ?"

"ಇಲ್ಲ."

"ಓಕೆ. ಸೋ ಯು ಆರ್ ಕಮಿಂಗ್."

"ಇಲ್ಲ."

"ಅಮ್ಮಾ, ಯಾರೂ ಇಲ್ಲ ಅಲ್ಲಿ. ನೀನು ಒಬ್ಳೇ."

"ತಡಿ, ದೀಪದ ಹೊತ್ತು," ಎಂದು ಫೋನನ್ನು ಸೋಫಾದ ಮೇಲಿಟ್ಟು ಫೋಟೋದ ಎದುರು ಕುಳಿತೆ. ಅಂಗಡಿಯ ಸುದ್ದಿಯನ್ನು ಪಿಸುಪಿಸು ಹೇಳಿದೆ. ಆಮೇಲೆ ಗಂಟಲು ಸರಿಮಾಡಿಕೊಂಡು, ರಾಜಲಕ್ಷ್ಮಿಯ ಸಾರಿನಂಥ ಸಾರು ಇಡೀ ವರ್ಜೀನಿಯಾದಲ್ಲಿ ಇಲ್ಲ ಎಂದು ದೊಡ್ಡದಾಗಿ ಹೇಳಿದೆ. (ನಮ್ಮವರು ಫೋಟೋದಲ್ಲಿ ನಕ್ಕ ಹಾಗೆ ಕಂಡಿತು. ಅಡುಗೆಯವರಲ್ಲವೇ, ಅವರಿಗೆ ತಿಳಿಯುತ್ತದೆ.)

ಕೊನೆಗೆ ಗೋಡೆಯ ಸಂಗತಿ ಮರೆತು, ದಿನದ ಹಾಗೆ ಕೇಳಿಯೇ ಬಿಟ್ಟೆ.

"ಒಣಸ್ ಆಂಡಾ?"

ಎಣ್ಣೆಯ ಗುರುತಿನ ಹಿಂದಿನಿಂದ ರಾಜಲಕ್ಷ್ಮಿಯ ದನಿ ಬಂತು.

"ಆಂಡ್ ಆಂಟಿ, ನಮ್ದು ಆಯ್ತು. ನಿಮ್ದು ಇನ್ನೂ ಆಗಿಲ್ಲ ಅಲ್ವಾ? ಸಾರು ತರ್ತಾ ಇದೀನಿ. ಇವತ್ತು ನೀರು ಕಮ್ಮಿ."

"ಅಮ್ಮಾ?" ಸೋಫಾದ ಮೇಲಿನಿಂದ ಫೋನು ಕಿರುಚಿತು. "ಯಾರದು? ಮನೇಲಿ ಯಾರಿದಾರೆ?"

"ಆಮೇಲೆ ಮಾತಾಡ್ತೇನೆ ಮಗಾ," ಎಂದೆ. "ಹೋಗಿ ಬಾಗಿಲು ತೆಗೀಬೇಕು."