ಬಾಳೆಹಣ್ಣಿಗೂ ಒಂದು ಬಿಕ್ಕಟ್ಟು

ಕಲಬುರಗಿಯ ಸಣ್ಣ ಪತ್ರಿಕೆಯೊಂದರಲ್ಲಿ ನಾನು ವರದಿಗಾರ. ಸುದ್ದಿ ಬರೆದು ರೂಢಿ. ನಗಿಸಲು ಬರೆಯುವುದು ಇದೇ ಮೊದಲು. ಅದಕ್ಕೇ ಎಲ್ಲ ಬಿಡಿಸಿ ಹೇಳುತ್ತೇನೆ. ಬಿಕ್ಕಟ್ಟು ಎಂದರೆ ದಾರಿ ಕಾಣದಂಥ ಕಷ್ಟ. ಆದರೆ ಅದು ಬಂತೋ ಇಲ್ಲವೋ ಎಂದು ತೀರ್ಮಾನಿಸುವವರು ಕಷ್ಟಪಡುವವರಲ್ಲ. ಹೀಗಾಗಿ ವಾರಕ್ಕೊಮ್ಮೆಯಾದರೂ ಇಂಥದ್ದು ನಡೆಯುತ್ತದೆ.

ಸಾಹೇಬರ ಚಹಾ

ನಮ್ಮೂರಿನ ಖೂಬಾ ಪ್ಲಾಟ್ ಬಡಾವಣೆಯಲ್ಲಿ ವಾರದಿಂದ ನಳಕ್ಕೆ ನೀರಿಲ್ಲ. ಪತ್ರಿಕಾಗೋಷ್ಠಿಯಲ್ಲಿ ನೀರು ಸರಬರಾಜಿನ ಅಧಿಕಾರಿಗೆ, "ಇದು ನೀರಿನ ಬಿಕ್ಕಟ್ಟಲ್ಲೇನ್ರಿ ಸರ್?" ಎಂದೆ.

"ಏ, ಬಿಕ್ಕಟ್ಟು ಅನಬ್ಯಾಡ್ರಿ. ಸಣ್ಣ ಅಡಚಣಿ ಅಂತ ಬರೀರಿ."

ಅಷ್ಟರಲ್ಲಿ ಜವಾನ ಬಂದು, ಹಾಲು ಒಡೆದಿದೆ, ಚಹಾ ಇಲ್ಲ ಎಂದ. ಸಾಹೇಬರು ಎದ್ದೇ ನಿಂತರು: "ಎಂಥಾ ಬಿಕ್ಕಟ್ಟು ತಂದಿಟ್ಟೆಪಾ! ಗಾಡಿ ತೆಗಿ, ಜಗತ್ ಸರ್ಕಲ್‌ಗೆ ಓಡಿ ಹಾಲು ತಾ!"

ನಮ್ಮ ಸಂಪಾದಕರು

ಇವರದು ಉಲ್ಟಾ. ಮುಖಪುಟಕ್ಕೆ ದಿನಾ ಒಂದು ಬಿಕ್ಕಟ್ಟು ಬೇಕು. "ಇವತ್ತ ಏನೂ ಇಲ್ರಿ" ಎಂದೆ.

"ಏನೂ ಇಲ್ಲಂದ್ರ ಅದೇ ನಮಗ ಬಿಕ್ಕಟ್ಟು! ಕಮಲಾಪುರಕ್ಕ ಹೋಗಿ ಒಂದು ಹುಡಿಕ್ಕೊಂಡು ಬಾ."

ಕಮಲಾಪುರದ ಯವ್ವ

ಕಲಬುರಗಿ ಹತ್ತಿರದ ಈ ಕಮಲಾಪುರ ಕೆಂಪು ಬಾಳೆಗೆ ಹೆಸರುವಾಸಿ. (ಸಿಪ್ಪೆಯಷ್ಟೇ ಕೆಂಪು, ಒಳಗಲ್ಲ.) ರಸ್ತೆಬದಿಯ ತಗಡಿನ ಶೆಡ್ಡಿನಲ್ಲಿ ಹಣ್ಣು ಮಾರುವ ಯವ್ವ ತಲೆ ಮೇಲೆ ಕೈ ಹೊತ್ತು ಕೂತಿದ್ದಳು. ಒಯ್ಯಬೇಕಿದ್ದ ವ್ಯಾಪಾರಿಯ ಟೆಂಪೋ ಕೆಟ್ಟಿತ್ತು. ಗೊನೆಗಳೆಲ್ಲ ಹಣ್ಣಾಗಿ, ಇನ್ನೆರಡು ದಿನ ತಡೆದರೆ ಎಮ್ಮೆಯ ಪಾಲು.

"ತಮ್ಮಾ, ವರ್ಷದ ದುಡಿಮಿ ಕೊಳೀಲಾಕತ್ತದ. ಬಿಕ್ಕಟ್ಟು ದೊಡ್ಡ ಮಂದಿಗಷ್ಟೇ ಬರೀತೀರೇನು? ನಮಗೂ ಒಂದು ಬರಿ."

'ಕೆಂಪು ಬಾಳೆಗೆ ಬಿಕ್ಕಟ್ಟು' ಎಂದು ಬರೆದೆ. ಹಣ್ಣು ರಾಶಿ ಬಿದ್ದಿದೆ, ಒಯ್ಯುವವರಿಲ್ಲ ಎಂದು ಕೆಳಗೆ ಸ್ಪಷ್ಟವಾಗಿಯೇ ಇತ್ತು. ಆದರೆ ನಮ್ಮ ಮಂದಿ ತಲೆಬರಹ ಓದಿದ ಮೇಲೆ ಕೆಳಗಿಳಿಯುವುದಿಲ್ಲ. ಪತ್ರಿಕೆ ಬಂದದ್ದು ಭಾನುವಾರ. ಮರುದಿನ ಶ್ರಾವಣ ಸೋಮವಾರ. ಪೂಜೆಗೆ ಹಣ್ಣೇ ಸಿಗಲಿಕ್ಕಿಲ್ಲ ಎಂದು ಹೆದರಿ ನೆಹರು ಗಂಜ್ ಮಾರುಕಟ್ಟೆಯ ಅಂಗಡಿಕಾರರು, ಖೂಬಾ ಪ್ಲಾಟ್‌ನ ಅಕ್ಕಂದಿರು ಬೈಕು, ಆಟೊ ಹತ್ತಿ ಕಮಲಾಪುರಕ್ಕೆ ನುಗ್ಗಿದರು. ಮಧ್ಯಾಹ್ನಕ್ಕೆ ಶೆಡ್ಡಿನಲ್ಲಿ ಉಳಿದದ್ದು ಬಾಳೆ ಎಲೆ ಮಾತ್ರ.

ಸಂಜೆ ನಾಯಕರೊಬ್ಬರು ಬಿಕ್ಕಟ್ಟು ವೀಕ್ಷಿಸಲು ಬಂದರು. ಹಿಂದೆ ಮೂರು ಗಾಡಿ, ಮುಂದೆ ಫೋಟೊದವನು. ಕೊಳೆತ ಗೊನೆ ಹಿಡಿದು ಮರುಗುವ ಫೋಟೊ ಬೇಕಾಗಿತ್ತು. ಖಾಲಿ ಶೆಡ್ಡು ನೋಡಿ ಅವರ ಮುಖವೇ ಬಾಡಿತು.

"ಯವ್ವಾ, ಎಲ್ಲಿ ಅದ ಬಿಕ್ಕಟ್ಟು?"

ಯವ್ವ ಪಾಪ, ಕೈ ಮುಗಿದಳು.

"ಮಧ್ಯಾಹ್ನಕ್ಕೇ ಖಾಲಿ ಆಯ್ತ್ರಿ ಸಾಹೇಬ್ರ. ಮೊದಲೇ ಫೋನ್ ಹಚ್ಚಿದ್ರ ನಿಮ್ಮ ಸಲುವಾಗಿ ಒಂದು ಡಜನ್ ತೆಗೆದಿಡ್ತಿದ್ದೆ."